ಹೀಟರ್ ಬೇಡ, ರೇಡಿಯೋ ಬೇಡ, 427 ಬೇಕು

1966ರ ಷೆವ್ರೊಲೆ ಬಿಸ್ಕೇನ್ ನೋಡೋಕೆ ಏನೇನೂ ಇಲ್ಲದ ಕಾರು. ಆ ಕಂಪನಿಯ ದೊಡ್ಡ ಕಾರುಗಳಲ್ಲೇ ಎಲ್ಲಕ್ಕಿಂತ ಅಗ್ಗದ್ದು. ಟ್ಯಾಕ್ಸಿಯವರು, ಪೊಲೀಸ್ ಇಲಾಖೆಗಳು, ಸೇಲ್ಸ್‌ಮನ್‌ಗಳಿಗೆ ಗಾಡಿ ಕೊಡಿಸುವ ಕಂಪನಿಗಳು ಸಾಲುಸಾಲಾಗಿ ಕೊಳ್ಳುತ್ತಿದ್ದದ್ದು ಇದನ್ನೇ. ಒಳಗೆ ಕಾರ್ಪೆಟ್ ಬದಲು ರಬ್ಬರ್ ಮ್ಯಾಟು. ಮುಂದೆ ಒಂದೇ ಉದ್ದದ ಬೆಂಚ್ ಸೀಟು. ಚಕ್ರಗಳಿಗೆ ಸಣ್ಣ ಕ್ಯಾಪು. ಅಮೆರಿಕದವರು ಅದಕ್ಕೆ ‘ಡಾಗ್ ಡಿಶ್’ ಅಂತಾರೆ, ನಾಯಿಗೆ ಅನ್ನ ಹಾಕೋ ತಟ್ಟೆ. ಬೀದಿಯಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ.

ಅದೇ ಬಿಸ್ಕೇನಿಗೆ ಅದೇ ವರ್ಷ ಎಲ್72 ಅನ್ನುವ ಎಂಜಿನ್ ಹಾಕಿಸಿಕೊಳ್ಳಬಹುದಿತ್ತು. 427 ಘನ ಇಂಚು, ಅಂದರೆ 7 ಲೀಟರ್. 425 ಹಾರ್ಸ್ ಪವರ್. ಷೆವ್ರೊಲೆಯದೇ ಕಾರ್ವೆಟ್ ಸ್ಪೋರ್ಟ್ಸ್ ಕಾರಿಗೆ ಹಾಕುತ್ತಿದ್ದ ಎಂಜಿನ್ ಅದು. ಯಾರೂ ಅಡ್ಡ ಬರುತ್ತಿರಲಿಲ್ಲ. ಡೀಲರ್ ಹತ್ತಿರ ಹೋಗಿ, ಆರ್ಡರ್ ಫಾರಂನಲ್ಲಿ ಆ ಚೌಕಕ್ಕೆ ಗುರುತು ಹಾಕಿ, ಉಳಿದ ಚೌಕಗಳನ್ನೆಲ್ಲ ಖಾಲಿ ಬಿಟ್ಟರೆ ಮುಗಿಯಿತು. ಕೆಲವು ವಾರ ಬಿಟ್ಟು ಟ್ಯಾಕ್ಸಿಯ ವೇಷದಲ್ಲಿ ರೇಸ್ ಕಾರು ಬಂದು ನಿಲ್ಲುತ್ತಿತ್ತು.

ಹೀಗೆ ಆರ್ಡರ್ ಮಾಡಿದವನು ಯಾರಿರಬಹುದು? ಹಳೇ ಅಮೆರಿಕನ್ ಕಾರು ಕಂಡಾಗಲೆಲ್ಲ ನನಗೆ ಮೊದಲು ಬರುವ ಪ್ರಶ್ನೆ ಇದು. ನಾನಿರುವುದು ಮಿಷಿಗನ್‌ನಲ್ಲಿ. ಪ್ರತಿ ಆಗಸ್ಟಿನಲ್ಲಿ ಡೆಟ್ರಾಯ್ಟ್‌ನಿಂದ ಪಾಂಟಿಯಾಕ್ ಊರಿನವರೆಗೆ ಹೋಗುವ ವುಡ್‌ವರ್ಡ್ ಅವೆನ್ಯೂ ತುಂಬ ಹಳೇ ಕಾರುಗಳು ಇಳಿಯುತ್ತವೆ. ಡ್ರೀಮ್ ಕ್ರೂಸ್ ಅಂತ 1995ರಲ್ಲಿ ಶುರುವಾದದ್ದು. ಜನ ರಸ್ತೆ ಬದಿ ಮಡಿಸೋ ಕುರ್ಚಿ ಹಾಕಿಕೊಂಡು ಕೂತು ಫೋರ್ಡ್‌ನ ಕೆಂಪು ಮಸ್ಟಾಂಗು, ಷೆವ್ರೊಲೆಯ ಹಳದಿ ಕಮಾರೋ ಬಂದರೆ ಕೈಬೀಸುತ್ತಾರೆ. ಅವು ಚೆನ್ನಾಗಿವೆ, ಬೇಡ ಅನ್ನಲ್ಲ. ಆದರೆ ನೂರು ಕೆಂಪು ಮಸ್ಟಾಂಗ್ ನೋಡಿದ ಮೇಲೆ ನೂರಾ ಒಂದನೆಯದರಲ್ಲಿ ಹೊಸದೇನಿದೆ? ನನ್ನ ಕಣ್ಣು ಹುಡುಕುವುದು ಲೆಕ್ಕ ತಪ್ಪಿದ ಹಾಗೆ ಕಾಣುವ ಕಾರನ್ನು. ದೊಡ್ಡ ಎಂಜಿನ್ ಇದೆ, ರೇಡಿಯೋ ಇಲ್ಲ. ಐಷಾರಾಮಿ ಸೀಟಿದೆ, ಪವರ್ ಸ್ಟೀರಿಂಗ್ ಇಲ್ಲ. ಕಾರು ಕಾರ್ಖಾನೆಯದು. ಆ ವಿಚಿತ್ರ ಜೋಡಣೆ ಮಾತ್ರ ಯಾವುದೋ ಒಬ್ಬ ಮನುಷ್ಯನದು.

ಇದು ಅರ್ಥವಾಗಬೇಕಾದರೆ ಆ ಕಾಲದಲ್ಲಿ ಅಮೆರಿಕದವರು ಕಾರು ಕೊಳ್ಳುತ್ತಿದ್ದ ರೀತಿ ಗೊತ್ತಿರಬೇಕು. ಹೆನ್ರಿ ಫೋರ್ಡ್ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಬರೀ ಕಪ್ಪು ಬಣ್ಣದಲ್ಲಿ ಮಾರಿದ. ಬೇಕಾದರೆ ತಗೋ, ಇಲ್ಲದಿದ್ದರೆ ಬಿಡು. ಅದಕ್ಕೆ ಎದುರಾಗಿ ನಿಂತವನು ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್. ಪ್ರತಿ ಜೇಬಿಗೂ, ಪ್ರತಿ ಅಗತ್ಯಕ್ಕೂ ಒಂದೊಂದು ಕಾರು ಅನ್ನುವುದು ಅವನ ಲೆಕ್ಕ. ಕೆಳಗೆ ಷೆವ್ರೊಲೆ, ಅದರ ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೀಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಕೆಲವೇ ದಶಕಗಳಲ್ಲಿ ಈ ಮೆಟ್ಟಿಲುಗಳ ಒಳಗೇ ಇನ್ನಷ್ಟು ಮೆಟ್ಟಿಲು ಹುಟ್ಟಿಕೊಂಡವು. ಜಾಹೀರಾತಿನಲ್ಲಿ ಹಾಕುವುದು ಬೋಳು ಕಾರಿನ ಬೆಲೆ. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಮಸ್ಟಾಂಗಿನ ಬೆಲೆ 2,368 ಡಾಲರ್ ಅಂತ ಊರೆಲ್ಲ ಸಾರಿದರು. ಶೋರೂಮಿಗೆ ಹೋದ ಮೇಲೆ ಕೈಗೆ ಬರುವುದು ಉದ್ದದ ಪಟ್ಟಿ. ಯಾವ ಎಂಜಿನ್, ಎಷ್ಟು ಗೇರು, ಗೇರ್ ಲಿವರ್ ನೆಲದಲ್ಲೋ ಸ್ಟೀರಿಂಗ್ ಪಕ್ಕದಲ್ಲೋ, ಹಿಂದಿನ ಆಕ್ಸಲ್ಲಿನ ಅನುಪಾತ ಎಷ್ಟು, ಯಾವ ಬ್ರೇಕು, ಗಾಜಿಗೆ ಬಣ್ಣ ಬೇಕೋ ಬೇಡವೋ, ಗಡಿಯಾರ ಬೇಕೋ ಬೇಡವೋ. ಮದುವೆ ಅಡುಗೆಯವರಿಗೆ ಪಟ್ಟಿ ಬರೆದುಕೊಟ್ಟ ಹಾಗೆ, ಒಂದೊಂದಾಗಿ ಹೇಳಬೇಕು. ಷೆವ್ರೊಲೆಯವರು ಇಂಥ ಪ್ರತಿಯೊಂದು ಆಯ್ಕೆಗೂ ಆರ್‌ಪಿಒ (ರೆಗ್ಯುಲರ್ ಪ್ರೊಡಕ್ಷನ್ ಆಪ್ಷನ್) ಅನ್ನುವ ಸಂಕೇತ ಕೊಟ್ಟಿದ್ದರು. ಎಲ್72, ಎಲ್88, ಝಡ್28 ಎಲ್ಲ ಅವೇ. ಇವತ್ತು ಅಭಿಮಾನಿಗಳು ಟಿ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಳ್ಳುವ ಈ ಅಕ್ಷರಗಳು ಆವತ್ತು ಗುಮಾಸ್ತರ ಸಂಕೇತಗಳು, ಅಷ್ಟೇ.

ಇಲ್ಲೊಂದು ಸಣ್ಣ ಲೆಕ್ಕ. ‘ಬೇಕು’ ಅಥವಾ ‘ಬೇಡ’ ಅಂತ ಹೇಳಬಹುದಾದ 20 ಚೌಕಗಳು ಒಂದು ಫಾರಂನಲ್ಲಿ ಇವೆ ಅಂದುಕೊಳ್ಳಿ. ಒಟ್ಟು ಎಷ್ಟು ಬಗೆಯ ಕಾರು ಸಾಧ್ಯ? 10,48,576. 1965ರಲ್ಲಿ ಷೆವ್ರೊಲೆ ಇಂಪಾಲಾ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅಂದರೆ 20 ಚೌಕ ಇದ್ದರೆ ಸಾಕು, ಹೆಚ್ಚುಕಡಿಮೆ ಪ್ರತಿಯೊಂದು ಇಂಪಾಲಾವೂ ಬೇರೆ ಬೇರೆ ಆಗಿರಲು ಜಾಗ ಇದೆ. ನಿಜವಾದ ಪಟ್ಟಿಯಲ್ಲಿದ್ದದ್ದು 20 ಅಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಟ್ಟಿಯಲ್ಲಿ ತಮಾಷೆಯ ವಸ್ತುಗಳಿಗೇನೂ ಬರ ಇರಲಿಲ್ಲ. 1955ರಲ್ಲಿ ಡಾಡ್ಜ್ ಕಂಪನಿ ‘ಲಾ ಫಾಮ್’ ಅನ್ನುವ ಪ್ಯಾಕೇಜ್ ತಂದಿತು. ಕಸ್ಟಮ್ ರಾಯಲ್ ಲಾನ್ಸರ್ ಕಾರಿನ ಮೇಲೆ 143 ಡಾಲರ್ ಜಾಸ್ತಿ ಕೊಟ್ಟರೆ ಗುಲಾಬಿ ಮತ್ತು ಬಿಳಿ ಬಣ್ಣ, ಗುಲಾಬಿ ಹೂವಿನ ಬಟ್ಟೆಯ ಸೀಟು. ಜೊತೆಗೆ ವ್ಯಾನಿಟಿ ಬ್ಯಾಗು, ಲಿಪ್‌ಸ್ಟಿಕ್ ಡಬ್ಬಿ, ಮಳೆ ಕೋಟು, ಕೊಡೆ. ಕೊಡೆ ಇಡೋಕೆ ಸೀಟಿನ ಹಿಂದೆ ಜಾಗ. ಹೆಂಗಸರಿಗೆ ಏನು ಬೇಕು ಅಂತ ಗಂಡಸರು ಮೀಟಿಂಗಿನಲ್ಲಿ ಕೂತು ತೀರ್ಮಾನಿಸಿದರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. 1956 ಮುಗಿಯುವಷ್ಟರಲ್ಲಿ ಅದೂ ಮುಗಿಯಿತು. ಅದೇ 1956ರಲ್ಲಿ ಕ್ರೈಸ್ಲರ್ ಕಾರುಗಳಿಗೆ ರೆಕಾರ್ಡ್ ಪ್ಲೇಯರ್ ಬಂತು! ಡ್ಯಾಶ್‌ಬೋರ್ಡಿನ ಕೆಳಗೆ, ಹೋಗ್ತಾ ಹೋಗ್ತಾ ಪ್ಲೇಟ್ ತಿರುಗುವ ‘ಹೈವೇ ಹೈ-ಫೈ’. ಸಿಬಿಎಸ್ ಕಂಪನಿಯ ಪೀಟರ್ ಗೋಲ್ಡ್‌ಮಾರ್ಕ್ ಮಾಡಿದ್ದು. ಅದಕ್ಕೆ ನಿಮಿಷಕ್ಕೆ ಹದಿನಾರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತುವ ವಿಶೇಷ ರೆಕಾರ್ಡುಗಳೇ ಬೇಕು. ಮನೆಯಲ್ಲಿರುವ ರೆಕಾರ್ಡು ನಡೆಯಲ್ಲ. ಬಹಳ ದಿನ ಬಾಳಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. 1957ರ ಕ್ಯಾಡಿಲಾಕ್ ಎಲ್ಡೊರಾಡೋ ಬ್ರೂಮ್‌ನಲ್ಲಿ ಲಾನ್ವಾ ಸೆಂಟಿನ ಬಾಟಲಿಯನ್ನೂ, ಅಲುಗಾಡದ ಹಾಗೆ ಅಯಸ್ಕಾಂತ ಇಟ್ಟ ಲೋಟಗಳನ್ನೂ ಕೊಟ್ಟರು. ಆ ಕಾರಿನ ಬೆಲೆ 13,000 ಡಾಲರ್ ದಾಟಿತ್ತು, ಹಾಗಾಗಿ ಲೋಟ ಕೊಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. 1969ರಲ್ಲಿ ಕ್ರೈಸ್ಲರ್ ಗುಂಪಿನದೇ ಆದ ಪ್ಲಿಮತ್‌ನವರು ಹೂವಿನ ಚಿತ್ತಾರದ ವಿನೈಲ್ ಚಾವಣಿ ತಂದರು, ‘ಮಾಡ್ ಟಾಪ್’ ಅಂತ. 1973ರಲ್ಲಿ ಎಎಂಸಿ (ಅಮೆರಿಕನ್ ಮೋಟಾರ್ಸ್) ಕಂಪನಿಯವರ ಗ್ರೆಮ್ಲಿನ್ ಕಾರಿಗೆ ಲೀವೈಸ್ ಜೀನ್ಸ್ ಸೀಟು. ತಾಮ್ರದ ಗುಂಡಿ ಸಮೇತ. ಆದರೆ ಅದು ಜೀನ್ಸ್ ಬಟ್ಟೆಯೇ ಅಲ್ಲ! ಹತ್ತಿಯ ಡೆನಿಮ್‌ಗೆ ಬೆಂಕಿ ಬೇಗ ಹತ್ತುತ್ತದೆ, ಸರ್ಕಾರದ ನಿಯಮಕ್ಕೆ ಒಗ್ಗಲ್ಲ ಅಂತ ನೈಲಾನಿನಲ್ಲಿ ಅದೇ ರೂಪ ಮಾಡಿದ್ದರು.

ಇವೆಲ್ಲ ಕಂಪನಿಯವರೇ ತಟ್ಟೆಯಲ್ಲಿ ಇಟ್ಟು ಮುಂದೆ ಹಿಡಿದದ್ದು. ನನಗೆ ರುಚಿಸುವುದು ಕಂಪನಿಗೆ ಕೊಡಲು ಮನಸ್ಸಿಲ್ಲದಿದ್ದರೂ ಗಿರಾಕಿ ಹಟ ಹಿಡಿದು ಪಡೆದ ಕಾರುಗಳು.

ಯಾಕೆಂದರೆ ಫಾರಂನಲ್ಲಿ ಎಷ್ಟೇ ಚೌಕಗಳಿದ್ದರೂ ನಡುವೆ ಗೋಡೆಗಳೂ ಇದ್ದವು. ಇದು ಬೇಕಾದರೆ ಅದು ಸಿಗಲ್ಲ. ಕ್ರೈಸ್ಲರ್‌ನವರ 426 ಘನ ಇಂಚಿನ ಹೆಮಿ ಎಂಜಿನ್ ಬೇಕಾದರೆ ಏಸಿ ಮರೆತುಬಿಡಬೇಕು. ಏಸಿಯ ಕಂಪ್ರೆಸರ್ ಅಷ್ಟು ವೇಗದಲ್ಲಿ ತಿರುಗುವ ಎಂಜಿನ್ನಿಗೆ ಕಟ್ಟೋ ವಸ್ತು ಅಲ್ಲ, ಬಾನೆಟ್ ಕೆಳಗೆ ಜಾಗವೂ ಇಲ್ಲ. ಟೆಕ್ಸಸ್ಸಿನ ಬಿಸಿಲಲ್ಲಿ ಹೆಮಿ ಓಡಿಸಬೇಕೆಂದವನು ಬೆವರಲೇಬೇಕು. 1968ರಲ್ಲಿ ಪ್ಲಿಮತ್ ರೋಡ್ ರನ್ನರ್ ಬಂದಾಗ ಈ ಬಗೆಯ ಮನುಷ್ಯನನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದರು. ಮೂಲ ಬೆಲೆ 2,896 ಡಾಲರ್. ಒಳಗೆ ಬೆಂಚ್ ಸೀಟು, ನೆಲಕ್ಕೆ ರಬ್ಬರ್. ಉಳಿಸಿದ ದುಡ್ಡೆಲ್ಲ ಎಂಜಿನ್ನಿಗೆ. ಮೇಲೆ 714 ಡಾಲರ್ ಕೊಟ್ಟರೆ ಹೆಮಿ. ಕಾರ್ಪೆಟ್ ಹಾಕೋಕೆ ಜಿಪುಣತನ ಮಾಡಿದ ಅದೇ ಕಂಪನಿ ಕಾರ್ಟೂನ್ ಹಕ್ಕಿಯ ಹೆಸರಿಗಾಗಿ ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ಕೊಟ್ಟಿತು. ಹಾರನ್ನು ಕೂಡ ಆ ಹಕ್ಕಿಯ ಹಾಗೆ ಬೀಪ್ ಬೀಪ್ ಅನ್ನುತ್ತದೆ.

ಜನರಲ್ ಮೋಟಾರ್ಸ್‌ನಲ್ಲಿ ಗೋಡೆ ಇನ್ನೂ ಎತ್ತರ. ಸಣ್ಣ ಕಾರಿಗೆ ದೊಡ್ಡ ಎಂಜಿನ್ ಹಾಕಬಾರದು ಅಂತ ಮೇಲಿನವರ ಕಟ್ಟಪ್ಪಣೆ. 1963ರ ಶುರುವಿನಲ್ಲಿ ಕಂಪನಿ ರೇಸಿಂಗಿನಿಂದಲೂ ಕೈ ತೊಳೆದುಕೊಂಡಿತು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚೇ ಮಿತಿ. ಪಾಂಟಿಯಾಕ್‌ನಲ್ಲಿ ಆಗ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡೆಲೋರಿಯನ್ ಮತ್ತು ಅವನ ಜೊತೆಗಾರರು ನಿಯಮವನ್ನು ಇನ್ನೊಂದು ಸಲ ಓದಿದರು. ಮಿತಿ ಇರುವುದು ಕಾರಿನ ಮಾಡೆಲ್‌ಗೆ. ಆಯ್ಕೆಯಾಗಿ ಕೊಡುವ ಎಂಜಿನ್ನಿಗೆ ಮೇಲಿನ ಕಮಿಟಿಯ ಒಪ್ಪಿಗೆ ಬೇಕಂತ ಎಲ್ಲೂ ಬರೆದಿಲ್ಲ! 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿನ ಪಟ್ಟಿಯಲ್ಲಿ ಸುಮಾರು 296 ಡಾಲರಿನ ಒಂದು ಪ್ಯಾಕೇಜ್ ಸೇರಿಸಿದರು, ಅದರೊಳಗೆ 389 ಘನ ಇಂಚಿನ ಎಂಜಿನ್. ಹೆಸರು ಜಿಟಿಒ, ಫೆರಾರಿಯಿಂದ ನಾಚಿಕೆ ಇಲ್ಲದೆ ಎತ್ತಿಕೊಂಡದ್ದು. ಆ ವರ್ಷ 32,450 ಹೋದವು. ಸಾಮಾನ್ಯ ಕಾರಿಗೆ ಭಾರೀ ಎಂಜಿನ್ ಹಾಕಿದ ಅಮೆರಿಕದ ಮಸಲ್ ಕಾರುಗಳ ಚರಿತ್ರೆ ಶುರುವಾಗುವುದು ಈ ಕಾರಿನಿಂದ ಅಂತ ಬಹಳ ಜನ ಹೇಳುತ್ತಾರೆ. ಕಂಪನಿಯ ನಿಯಮದ ಪ್ರಕಾರ ಅದು ಬೇರೆ ಕಾರೇ ಅಲ್ಲ, ಚೌಕದಲ್ಲಿ ಹಾಕಿದ ಒಂದು ಗುರುತು.

ಇದಕ್ಕಿಂತ ಚೆಂದದ ಕಳ್ಳದಾರಿ ಷೆವ್ರೊಲೆಯಲ್ಲಿತ್ತು. ಅದರ ಹೆಸರು ಕೋಪೋ. ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್ ಅನ್ನುವುದರ ಮೊದಲ ಅಕ್ಷರಗಳು. ಹೆಸರಿಗೆ ತಕ್ಕ ಹಾಗೆ ಪಕ್ಕಾ ಕಚೇರಿ ವ್ಯವಹಾರ. ಒಂದು ಟ್ಯಾಕ್ಸಿ ಕಂಪನಿಗೆ ತನ್ನದೇ ಹಳದಿ ಬಣ್ಣ ಬೇಕು, ಒಂದು ಪೊಲೀಸ್ ಇಲಾಖೆಗೆ ಗಟ್ಟಿ ಸಸ್ಪೆನ್ಷನ್ ಬೇಕು ಅಂದಾಗ ಮಾಮೂಲಿ ಫಾರಂನಲ್ಲಿ ಅದಕ್ಕೆ ಚೌಕ ಇರುವುದಿಲ್ಲ. ಆಗ ಕೇಂದ್ರ ಕಚೇರಿಗೆ ಬೇರೆ ಅರ್ಜಿ ಹಾಕಬೇಕು, ಅವರು ಅದಕ್ಕೊಂದು ನಂಬರ್ ಕೊಡುತ್ತಾರೆ. ಈ ಅರ್ಜಿಗಳು ಬೋರ್ಡಿನ ದೊಡ್ಡವರ ಮೇಜಿಗೆ ಹೋಗುವುದಿಲ್ಲ. ಟ್ಯಾಕ್ಸಿ ಬಣ್ಣವನ್ನು ಅವರು ಯಾಕೆ ನೋಡ್ತಾರೆ, ಅಲ್ವಾ?

ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್‌ನಲ್ಲಿ ಡಾನ್ ಯೆಂಕೋ ಅನ್ನುವ ಡೀಲರ್ ಇದ್ದ. ಸ್ವತಃ ರೇಸರ್. ಹೊಸ ಕಮಾರೋ ತರಿಸಿ, ಅದರ ಎಂಜಿನ್ ಕಿತ್ತು, 427 ಕೂರಿಸಿ ಮಾರುತ್ತಿದ್ದ. ಮಿತಿ ಆಗ 400 ಘನ ಇಂಚಿಗೆ ಏರಿತ್ತು, 427 ಅದರಾಚೆ. ಕಾರ್ವೆಟ್ ಒಂದಕ್ಕೆ ಮಾತ್ರ ವಿನಾಯಿತಿ. ಬಿಸ್ಕೇನ್‌ನಂಥ ದೊಡ್ಡ ಗಾಡಿಗೆ ಆ ಮಿತಿಯೇ ಇರಲಿಲ್ಲ, ಅದಕ್ಕೇ ಮೊದಲಲ್ಲಿ ಹೇಳಿದ ಆ ಜೋಡಣೆ ಸಲೀಸಾಗಿ ಸಿಗುತ್ತಿತ್ತು. ಕಾರ್ಖಾನೆಯೇ 427 ಕೂರಿಸಿ ಕಳಿಸಿದರೆ ಯೆಂಕೋಗೆ ಎಷ್ಟು ಕೆಲಸ ಉಳಿಯುತ್ತೆ! 1969ಕ್ಕೆ ಅದೇ ಆಯಿತು. ಕಂಪನಿಯ ಒಳಗೇ ರೇಸಿಂಗ್ ಹುಚ್ಚು ಬಿಡದ ವಿನ್ಸ್ ಪಿಗಿನ್ಸ್‌ನಂಥ ಎಂಜಿನಿಯರುಗಳಿದ್ದರು. ಟ್ಯಾಕ್ಸಿ ಬಣ್ಣದ ಫೈಲುಗಳ ನಡುವೆ ಕೋಪೋ 9561 ಅನ್ನುವ ನಂಬರ್ ಸೇರಿಕೊಂಡಿತು. ಅರ್ಥ: ಕಮಾರೋಗೆ 427 ಹಾಕಿ. ಹೊರಗೆ ಆ ಎಂಜಿನ್ನಿನ ಬ್ಯಾಡ್ಜ್ ಇಲ್ಲ, ಚಕ್ರಕ್ಕೆ ಅದೇ ನಾಯಿ ತಟ್ಟೆ. ಕಚೇರಿಗಳಲ್ಲಿ ಫೈಲು ಹೇಗೆ ಓಡುತ್ತೆ ಅಂತ ನೋಡಿ ಬೆಳೆದ ನಮ್ಮಂಥವರಿಗೆ ಈ ಕಥೆ ವಿವರಿಸಿ ಹೇಳಬೇಕಾಗಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ನಂಬರ್, 9560. ಇಲಿನಾಯ್‌ನ ಲಾ ಹಾರ್ಪ್ ಅನ್ನುವ ಪುಟ್ಟ ಊರಿನ ಡೀಲರ್ ಫ್ರೆಡ್ ಗಿಬ್ ಕೇಳಿದ್ದು. ಇವನಿಗೆ ಬೇಕಾಗಿದ್ದದ್ದು ಝಡ್‌ಎಲ್1, ಇಡೀ ಬ್ಲಾಕ್ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ 427. ರೇಸ್ ಟ್ರ್ಯಾಕಿಗೆಂದೇ ಹುಟ್ಟಿದ ಎಂಜಿನ್. ಡ್ರ್ಯಾಗ್ ರೇಸ್, ಅಂದರೆ ನೆಟ್ಟಗಿನ ಟ್ರ್ಯಾಕಿನಲ್ಲಿ ಓಡುವ ಪುಟ್ಟ ಪಂದ್ಯ, ಅದರ ನಿಯಮದ ಪ್ರಕಾರ ಕಾರು ಸ್ಪರ್ಧೆಗೆ ಅರ್ಹ ಆಗಬೇಕಾದರೆ ಕನಿಷ್ಠ 50 ತಯಾರಾಗಬೇಕು. ಗಿಬ್ ಧೈರ್ಯ ಮಾಡಿ 50ಕ್ಕೂ ಆರ್ಡರ್ ಹಾಕಿದ. ಕಾರುಗಳು ಬಂದವು, ಬಿಲ್ಲೂ ಬಂತು. ಎಂಜಿನ್ ಒಂದಕ್ಕೇ 4,160 ಡಾಲರ್. ಎಂಟು ಸಿಲಿಂಡರಿನ ಕಮಾರೋದ ಮೂಲ ಬೆಲೆಯೇ 2,727. ಎಲ್ಲ ಸೇರಿ 7,200 ದಾಟಿತು. ಆ ದುಡ್ಡಿಗೆ ಕಾರ್ವೆಟ್ ಕೊಂಡು ಚಿಲ್ಲರೆಯನ್ನೂ ಮನೆಗೆ ಒಯ್ಯಬಹುದಿತ್ತು. ಸಣ್ಣ ಊರಿನಲ್ಲಿ ಇದನ್ನು ಕೊಳ್ಳುವವರು ಯಾರು? ಗಿಬ್ ಕೆಲವನ್ನು ಮಾರಿದ, ಹೆಚ್ಚಿನವನ್ನು ಕಂಪನಿಗೇ ವಾಪಸ್ ಕಳಿಸಿದ. ಮಾರಿದ ಕಾರನ್ನು ಕಂಪನಿ ವಾಪಸ್ ತಗೊಳ್ಳುವುದು ಆಗಿನ ವ್ಯವಹಾರದಲ್ಲಿ ಕಾಣಸಿಗದ ಮಾತು. ಬೇರೆ ಡೀಲರುಗಳಿಗೆ ಹಂಚಿದರು. ಒಟ್ಟು ತಯಾರಾದದ್ದು 69. ಅದರಲ್ಲಿ ಕೆಲವು ಮಾರಾಟವಾಗದೆ ಎಪ್ಪತ್ತರ ದಶಕದವರೆಗೂ ಅಂಗಡಿಯಲ್ಲೇ ಉಳಿದವು.

ಈಗ ಎಲ್88. ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಕಿತಾಪತಿ. ಇಲ್ಲಿ ಕಂಪನಿ ತನ್ನ ಗಿರಾಕಿಯಿಂದ ತನ್ನ ಕಾರನ್ನೇ ಬಚ್ಚಿಟ್ಟಿತು.

1967ರ ಕಾರ್ವೆಟ್ ಪಟ್ಟಿಯಲ್ಲಿ ಎಲ್71 ಅನ್ನುವ ಎಂಜಿನ್ ಇತ್ತು. 435 ಹಾರ್ಸ್ ಪವರ್ ಅಂತ ಬರೆದಿತ್ತು. ಅದರ ಹತ್ತಿರದಲ್ಲೇ ಎಲ್88, 430 ಅಂತ ಬರೆದಿತ್ತು, ಬೆಲೆ ಮಾತ್ರ ಸುಮಾರು 950 ಡಾಲರ್, ಎಲ್71ರದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಐದು ಕಡಿಮೆ ಹಾರ್ಸ್ ಪವರ್‌ಗೆ ಇಷ್ಟೊಂದು ದುಡ್ಡು ಯಾಕೆ ಕೊಡಬೇಕು ಅಂತ ಮಾಮೂಲಿ ಗಿರಾಕಿ ಮುಂದಿನ ಸಾಲಿಗೆ ಹೋಗಲಿ ಅನ್ನುವುದೇ ಉದ್ದೇಶ. ನಿಜದಲ್ಲಿ ಅದರ ಶಕ್ತಿ 500 ಮೀರಿತ್ತು. ರೇಸ್ ಮಾಡುವವರಿಗೆ ವಿಷಯ ಗೊತ್ತಿತ್ತು. ಅವರಿಗೆ ಗೊತ್ತಿದ್ದರೆ ಸಾಕಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಎಲ್88 ತಗೊಂಡರೆ ರೇಡಿಯೋ ಸಿಗಲ್ಲ. ಹೀಟರ್ ಕೂಡ ಸಿಗಲ್ಲ. ಚಳಿಗಾಲದಲ್ಲಿ ಗಾಜಿನ ಮಂಜು ಕರಗಿಸೋಕೆ ಬೇಕಾದದ್ದೂ ಅದೇ ಹೀಟರು. ಕಾರಿನೊಳಗೆ ಒಂದು ಎಚ್ಚರಿಕೆ ಚೀಟಿ: 103 ರಿಸರ್ಚ್ ಆಕ್ಟೇನ್‌ಗಿಂತ ಕಡಿಮೆಯ ಪೆಟ್ರೋಲ್ ಹಾಕಿದರೆ ಎಂಜಿನ್ ಕೆಡುತ್ತದೆ. ಮಾಮೂಲಿ ಬಂಕಿನಲ್ಲಿ ಅದು ಸಿಗುವ ವಸ್ತು ಅಲ್ಲ.

ಜನವರಿಯಲ್ಲಿ ಇಲ್ಲಿ ಬೆಳಗ್ಗೆ ಗಾಜಿನ ಮೇಲಿನ ಐಸ್ ಕೆರೆಯುತ್ತಾ ನಿಂತಾಗ ಹೀಟರ್ ಇಲ್ಲದ ಆ ಕಾರ್ವೆಟ್ ನೆನಪಾಗಿ ನಗು ಬರುತ್ತದೆ. ಅದನ್ನು ಕೊಂಡವನು ಚಳಿ ಗೊತ್ತಿಲ್ಲದ ಊರಿನವನಲ್ಲ, ಕಾರನ್ನು ಟ್ರೈಲರಿನ ಮೇಲೆ ಕಟ್ಟಿ ಟ್ರ್ಯಾಕಿಗೆ ಒಯ್ಯುವವನು. ಅಥವಾ ಕಂಪನಿ ಎಷ್ಟು ‘ಬೇಡ’ ಅಂದರೂ ‘ಬೇಕು’ ಅನ್ನುವ ಆಸಾಮಿ. 1967ರಲ್ಲಿ ಅಂಥವರು 20 ಜನ ಸಿಕ್ಕಿದರು. ಮುಂದಿನ ವರ್ಷ 80, ಅದರ ಮುಂದಿನ ವರ್ಷ 116. ಆ 20ರಲ್ಲಿ ಒಂದು, ಕೆಂಪು ಬಣ್ಣದ್ದು, 2014ರ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು. ಹೀಟರ್ ಇರಲಿಲ್ಲ.

ಹರಾಜಿನ ಮಾತು ಬಂತಲ್ಲ, ಇಲ್ಲಿ ನನಗೊಂದು ತಕರಾರಿದೆ. ಈ ಕಾರುಗಳ ಲೋಕದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಒನ್ ಆಫ್ ಒನ್’. ಜಗತ್ತಿನಲ್ಲಿ ಇಂಥದ್ದು ಇದೊಂದೇ. ಕಾರಿನ ಮುಂದೆ ಫಲಕ ನಿಲ್ಲಿಸಿರುತ್ತಾರೆ. ಓದುತ್ತಾ ಹೋದರೆ: ಈ ಎಂಜಿನ್ ಇದ್ದವು ಇಷ್ಟು ಸಾವಿರ, ಅದರಲ್ಲಿ ಈ ಗೇರ್‌ಬಾಕ್ಸ್ ಇದ್ದವು ಇಷ್ಟು ನೂರು, ಅದರಲ್ಲಿ ಈ ಬಣ್ಣ ಇಷ್ಟು, ಅದರಲ್ಲಿ ಕಪ್ಪು ಸೀಟು ಇಷ್ಟು, ಅದರಲ್ಲಿ ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಇದ್ದದ್ದು ಒಂದೇ. ಆಗ ಹೇಳಿದ ಲೆಕ್ಕ ನೆನಪಿದೆಯಲ್ಲ? 20 ಚೌಕಕ್ಕೆ ಹತ್ತು ಲಕ್ಷ ಬಗೆ. ಸಾಕಷ್ಟು ಚೌಕ ಎಣಿಸಿದರೆ ಯಾವ ಕಾರೂ ಒಂದೇ ಒಂದು ಆಗುತ್ತದೆ, ಪಕ್ಕದ ಮನೆ ತಾತನ ಬೂದು ಬಣ್ಣದ ಇಂಪಾಲಾ ಕೂಡ. ಇದನ್ನು ಅಪರೂಪ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ. ಗಣಿತ, ಅಷ್ಟೇ.

ಕಡಿಮೆ ತಯಾರಾಗಿದೆ ಅಂದರೆ ಆವತ್ತು ಕಡಿಮೆ ಜನಕ್ಕೆ ಬೇಕಾಗಿತ್ತು ಅಂತಲೂ ಅರ್ಥ. 1971ರ ಪ್ಲಿಮತ್ ‘ಕುಡಾ’ ಅನ್ನುವ ಕಾರಿನ ಹೆಮಿ ಎಂಜಿನ್ ಇದ್ದ ಕನ್ವರ್ಟಿಬಲ್ ತಗೊಳ್ಳಿ. ಹನ್ನೆರಡು ಕೂಡ ದಾಟದಷ್ಟೇ ತಯಾರಾದವು. ಕಾರಣ ಕಂಪನಿ ಮಿತಿ ಹಾಕಿತ್ತು ಅಂತಲ್ಲ, ಕೇಳಿದವರೇ ಇರಲಿಲ್ಲ. ಚಾವಣಿ ತೆಗೆದು ಗಾಳಿಗೆ ಹೋಗಬೇಕು ಅನ್ನುವವನಿಗೆ ಸಿಗ್ನಲ್ಲಿನಲ್ಲಿ ಗುರುಗುಟ್ಟುವ, ಪೆಟ್ರೋಲ್ ಕುಡಿಯುವ ಹೆಮಿ ಬೇಡ. ರೇಸ್ ಮಾಡುವವನಿಗೆ ಕನ್ವರ್ಟಿಬಲ್ಲಿನ ಹೆಚ್ಚಿನ ತೂಕ ಬೇಡ. ಇಬ್ಬರಿಗೂ ವಿಮೆ ಕಂಪನಿಗಳು ಕೇಳುತ್ತಿದ್ದ ಕಂತು ಬೇಡ. ಮೂರಕ್ಕೂ ಸರಿ ಅಂದವರು ಬೆರಳೆಣಿಕೆಯ ಮಂದಿ. 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ ಇಂಥದ್ದೊಂದು 35 ಲಕ್ಷ ಡಾಲರಿಗೆ ಹೋಯಿತು. ಪಾಂಟಿಯಾಕ್‌ನ 1969ರ ಟ್ರಾನ್ಸ್ ಆಮ್ ಕನ್ವರ್ಟಿಬಲ್ ಕಥೆಯೂ ಹೆಚ್ಚುಕಡಿಮೆ ಇದೇ. ತಯಾರಾದದ್ದು ಎಂಟೇ ಎಂಟು. ಹಾಗಾಗಿ ಫಲಕದ ಮೇಲಿನ ಸಂಖ್ಯೆ ನೋಡಿ ನಾನು ಮರುಳಾಗುವುದಿಲ್ಲ. ಯಾಕೆ ಕಡಿಮೆ ಅನ್ನುವುದಕ್ಕೆ ಉತ್ತರ ಇದ್ದರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ದುಡ್ಡು ಇಷ್ಟು ದೊಡ್ಡದಾದ ಮೇಲೆ ಕಳ್ಳರೂ ಬರುತ್ತಾರೆ. ಆರು ಸಿಲಿಂಡರಿನ ಬಡ ಕಮಾರೋಗೆ 427 ಕೂರಿಸಿ ಕೋಪೋ ಅಂತ ಮಾರೋದು ಕಷ್ಟದ ಕೆಲಸವಲ್ಲ. ಆದ್ದರಿಂದ ಈಗ ಕಾರಿಗಿಂತ ಕಾಗದಕ್ಕೆ ಬೆಲೆ. ಕ್ರೈಸ್ಲರ್ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಒಂದು ಸಣ್ಣ ತಗಡಿನ ಪಟ್ಟಿ, ಅದರ ಮೇಲೆ ಆ ಕಾರಿನ ಆಯ್ಕೆಗಳ ಸಂಕೇತಗಳು. ಫೆಂಡರ್ ಟ್ಯಾಗ್ ಅಂತ ಕರೆಯುತ್ತಾರೆ. ನಕಲಿ ಟ್ಯಾಗ್ ಮಾಡುವವರೂ ಇದ್ದಾರೆ ಅಂತ ಬೇರೆ ಹೇಳಬೇಕೇ? ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಬಿಲ್ಡ್ ಶೀಟ್. ಅಸೆಂಬ್ಲಿ ಲೈನಿನಲ್ಲಿ ಯಾವ ಕಾರಿಗೆ ಏನು ಹಾಕಬೇಕು ಅಂತ ಕೆಲಸಗಾರರಿಗೆ ಹೇಳಲು ಅಚ್ಚು ಹಾಕಿದ ಹಾಳೆ. ಕೆಲಸ ಮುಗಿದ ಮೇಲೆ ಅವರು ಅದನ್ನು ಸೀಟಿನ ಸ್ಪ್ರಿಂಗುಗಳ ನಡುವೆ ತುರುಕುತ್ತಿದ್ದರು. ಷೆವ್ರೊಲೆಯಲ್ಲಾದರೆ ಅದು ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಗುವುದೂ ಉಂಟು. ಒಂದೊಂದು ಸಲ ಇಲಿ ಅರ್ಧ ತಿಂದ ಆ ಹಾಳೆ ಸಿಕ್ಕಿದಾಗ ಮಾಲೀಕರು ಕುಣಿದಾಡುತ್ತಾರೆ. ಅದು ಆ ಕಾರಿನದ್ದೇ ಆಗಿರಬೇಕು ಅಂತೇನೂ ಇಲ್ಲ. ಲೈನಿನಲ್ಲಿ ಹಿಂದೆಮುಂದೆ ಇದ್ದ ಕಾರಿನ ಹಾಳೆ ಇದರೊಳಗೆ ಸೇರಿಕೊಂಡದ್ದೂ ಇದೆ. ಫೋರ್ಡ್‌ನವರ ಅದೃಷ್ಟ ಚೆನ್ನಾಗಿದೆ. 1967ರಿಂದೀಚೆಗಿನ ದಾಖಲೆ ಕೆವಿನ್ ಮಾರ್ಟಿ ಅನ್ನುವವರ ಕೈಯಲ್ಲಿ ಭದ್ರವಾಗಿದೆ, ಕಾರಿನ ನಂಬರ್ ಕೊಟ್ಟರೆ ವರದಿ ಬರುತ್ತದೆ. ಪಾಂಟಿಯಾಕ್ ಬಿಲ್ಲುಗಳೂ ಉಳಿದಿವೆ. ಷೆವ್ರೊಲೆ ಮಾಲೀಕರಿಗೆ ಮಾತ್ರ ಹೆಚ್ಚಾಗಿ ಸೀಟಿನ ಕೆಳಗೆ ಕೈಹಾಕಿ ತಡಕುವುದೇ ಗತಿ.

ನನಗೆ ಈ ಹಾಳೆಗಳು ಇಷ್ಟವಾಗುವುದು ಬೇರೆ ಕಾರಣಕ್ಕೆ. ಕಾರಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಸೀಟು ಬದಲಾಗಿರುತ್ತದೆ. ಹಾಳೆಯಲ್ಲಿ ಆವತ್ತಿನ ತೀರ್ಮಾನ ಹಾಗೇ ಇರುತ್ತದೆ. ಪವರ್ ಬ್ರೇಕ್ ಖಾಲಿ. ರೇಡಿಯೋ ಖಾಲಿ. ಎಂಜಿನ್ ಎಲ್ಲಕ್ಕಿಂತ ದೊಡ್ಡದು. ಸಂಬಳ ಎಣಿಸಿ, ಏನು ಬಿಟ್ಟರೆ ಏನು ಸಿಗುತ್ತೆ ಅಂತ ಲೆಕ್ಕ ಹಾಕಿದ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗ ಒಬ್ಬ ಅಲ್ಲಿ ಕಂಡ ಹಾಗಾಗುತ್ತದೆ. ಅವನ ಹೆಸರು ಎಲ್ಲೂ ಇರುವುದಿಲ್ಲ. ಇನ್ನೊಂದು ಹಾಳೆಯಲ್ಲಿ ಆರು ಸಿಲಿಂಡರಿನ ಸಾಧು ಎಂಜಿನ್, ಆದರೆ ಏಸಿ, ಬಣ್ಣದ ಗಾಜು, ಗಡಿಯಾರ ಎಲ್ಲ ಇದೆ. ಇವಳೋ ಇವನೋ ಯಾರ ಜೊತೆಗೂ ರೇಸಿಗೆ ನಿಲ್ಲುವ ಪೈಕಿ ಅಲ್ಲ. ಇಂಥ ಕಾರನ್ನು ಹರಾಜಿನವರು ಮೂಸಿಯೂ ನೋಡುವುದಿಲ್ಲ. ನನಗೆ ಇದೂ ಅದರಷ್ಟೇ ಸ್ವಾರಸ್ಯ.

ಎಪ್ಪತ್ತರ ದಶಕದಲ್ಲಿ ಇದೆಲ್ಲ ಕರಗಿತು. ಹೊಗೆಯ ಕಾನೂನು ಬಂತು. ಎಂಜಿನ್ ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಕಾರುಗಳನ್ನು 50,000 ಮೈಲಿ ಓಡಿಸಿ ತೋರಿಸಬೇಕು. ಎಂಜಿನ್ನು, ಗೇರ್‌ಬಾಕ್ಸಿನ ಜೋಡಣೆ ಹೆಚ್ಚಾದಷ್ಟೂ ಖರ್ಚು. ವರ್ಷಕ್ಕೆ 20 ಜನ ಕೇಳುವ ಎಂಜಿನ್ನಿಗೆ ಯಾರು ಅಷ್ಟು ಸುರಿಯುತ್ತಾರೆ? ಆಮೇಲೆ ಜಪಾನಿನವರು ಬಂದರು. 1976ರ ಹೋಂಡಾ ಅಕಾರ್ಡ್‌ನಲ್ಲಿ ಕೇಳೋಕೆ ಏನೂ ಇಲ್ಲ, ಬೇಕಾದದ್ದು ಹೆಚ್ಚಿನಂಶ ಒಳಗೇ ಇದೆ. ಕಾರ್ಖಾನೆಗೂ ಸಲೀಸು, ಡೀಲರಿಗೂ ಸಲೀಸು. ಡೆಟ್ರಾಯ್ಟ್ ಕೂಡ ನಿಧಾನಕ್ಕೆ ಆಯ್ಕೆಗಳನ್ನು ಗಂಟು ಕಟ್ಟಿ ಮಾರಲು ಶುರು ಮಾಡಿತು. ಬೆಂಗಳೂರಿನಲ್ಲಿ ಕಾರು ಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು. ಸನ್‌ರೂಫ್ ಬೇಕಾ? ಟಾಪ್ ವೇರಿಯಂಟ್ ತಗೊಳ್ಳಿ. ಸನ್‌ರೂಫ್ ಬೇಡ, ಒಳ್ಳೇ ಎಂಜಿನ್ ಮಾತ್ರ ಸಾಕಾ? ಆದರೂ ಟಾಪ್ ವೇರಿಯಂಟೇ ತಗೊಳ್ಳಿ ಸಾರ್. ಈಗಿನ ಕಾರುಗಳು ಆಗಿನವಕ್ಕಿಂತ ನೂರು ಪಾಲು ಸುರಕ್ಷಿತ, ಕೆಡುವುದೂ ಕಡಿಮೆ. ಡ್ರಂ ಬ್ರೇಕಿನ 425 ಹಾರ್ಸ್ ಪವರ್ ಗಾಡಿಯಲ್ಲಿ ನನ್ನ ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ನಾನಂತೂ ಇಳಿಯಲ್ಲ. ಆದರೆ ಐವತ್ತು ವರ್ಷದ ನಂತರ ಇವತ್ತಿನ ಕಾರಿನ ದಾಖಲೆ ತೆಗೆದು ನೋಡುವವನಿಗೆ ವೇರಿಯಂಟಿನ ಹೆಸರೊಂದು ಸಿಗುತ್ತದೆ. ಕೊಂಡವನ ಬಗ್ಗೆ ಏನೂ ಸಿಗುವುದಿಲ್ಲ.

ಕೋಪೋ ಮಾತ್ರ ಮತ್ತೆ ಬಂತು. 2012ರಲ್ಲಿ ಷೆವ್ರೊಲೆ ‘ಕೋಪೋ ಕಮಾರೋ’ ಅನ್ನುವ ಹೊಸ ಕಾರನ್ನು ಮಾರಿತು. ದೊಡ್ಡವರ ಕಣ್ಣು ತಪ್ಪಿಸಲು ಬಳಸುತ್ತಿದ್ದ ದಾರಿ ಕಾರಿನ ಹೆಸರೇ ಆಯಿತು, ಪತ್ರಿಕಾ ಪ್ರಕಟಣೆ ಸಮೇತ. ಡ್ರ್ಯಾಗ್ ಟ್ರ್ಯಾಕಿಗೆ ಮಾತ್ರ, ರಸ್ತೆಗೆ ನೋಂದಣಿ ಇರಲಿಲ್ಲ. ದುಡ್ಡಿದ್ದರೂ ಸುಮ್ನೆ ಹೋಗಿ ಕೊಳ್ಳುವ ಹಾಗಿರಲಿಲ್ಲ, ಹೆಸರು ಕೊಟ್ಟು ಕಾಯಬೇಕಿತ್ತು, ಕಂಪನಿ ಆರಿಸಿದವರಿಗೆ ಮಾತ್ರ. ಎಷ್ಟು ತಯಾರು ಮಾಡಬೇಕು ಅಂತ ಅವರು ಬಹಳ ಯೋಚನೆ ಮಾಡಲಿಲ್ಲ. 69 ಮಾಡಿದರು. 1969ರಲ್ಲಿ ಡೀಲರುಗಳು ಮಾರೋಕಾಗದೆ ಒದ್ದಾಡಿದ ಆ 69 ಕಾರುಗಳ ಗೌರವಾರ್ಥ.